ಎಕ್ಸೆಲ್ ಶೀಟನ್ನು ಕಂಪನಿಯ ಡೇಟಾಬೇಸ್‌ಗೆ ಜೋಡಿಸುವುದು: ಓದಲು ಕಿಟಕಿ, ಬರೆಯಲು ಬಾಗಿಲು

ತಿಂಗಳ ಕೊನೆಗೆ ಸಿಎಸ್‌ವಿ ಫೈಲ್ ಇಳಿಸಿಕೊಂಡು, ಎಕ್ಸೆಲ್‌ಗೆ ಅಂಟಿಸಿ, ಕಾಲಂ ಸರಿಪಡಿಸಿ, ವಿಲುಕಪ್ ಎಳೆದು ವರದಿ ಮಾಡುವ ಕೆಲಸ ಎಷ್ಟೋ ಕಚೇರಿಗಳಲ್ಲಿ ಇವತ್ತಿಗೂ ನಡೆಯುತ್ತಿದೆ. ಶೀಟನ್ನು ನೇರವಾಗಿ ಡೇಟಾಬೇಸ್‌ಗೆ ಜೋಡಿಸಿದರೆ ಇಷ್ಟೂ ಕೆಲಸ ಒಂದು ರಿಫ್ರೆಶ್‌ನಲ್ಲಿ ಮುಗಿಯುತ್ತದೆ. ಆದರೆ ಒಂದು ಮಾತು ಮೊದಲೇ ತೀರ್ಮಾನವಾಗಿರಬೇಕು: ಓದುವ ಕೆಲಸ ಬೇರೆ, ಬರೆಯುವ ಕೆಲಸ ಬೇರೆ. ವರದಿಗೆ ಕಿಟಕಿ ಸಾಕು. ಎಂಟ್ರಿಗೆ ಬಾಗಿಲು ಬೇಕು, ಬಾಗಿಲಿಗೆ ಕಾವಲೂ ಬೇಕು. ಎರಡನ್ನೂ ಒಂದೇ ಲಾಗಿನ್, ಒಂದೇ ಕನೆಕ್ಷನ್‌ನಲ್ಲಿ ನಡೆಸಲು ಹೊರಟರೆ ಒಂದಲ್ಲ ಒಂದು ದಿನ ಯಾರದೋ ಶೀಟಿನ ತಪ್ಪು ಸಾಲು ಮೂಲ ಟೇಬಲ್‌ಗೇ ಹೋಗಿ ಕೂರುತ್ತದೆ.

ಇಲ್ಲಿನ ಹಂತಗಳು ವಿಂಡೋಸ್ ಮೇಲಿನ ಎಕ್ಸೆಲ್ 2016 ಮತ್ತು ಅದರ ನಂತರದ ಆವೃತ್ತಿಗಳಿಗೆ. ಹೊರಗಿನ ಮೂಲಗಳಿಂದ ಡೇಟಾ ತರುವ ಸಲಕರಣೆಯಾದ ಪವರ್ ಕ್ವೆರಿ ಇವುಗಳ ಡೇಟಾ ಟ್ಯಾಬ್‌ನಲ್ಲೇ ಇದೆ. 2010 ಮತ್ತು 2013ರಲ್ಲಿ ಅದನ್ನು ಆಡ್-ಇನ್ ಆಗಿ ಬೇರೆಯೇ ಹಾಕಿಕೊಳ್ಳಬೇಕಿತ್ತು.

ಡಿಬಿಎ (ಡೇಟಾಬೇಸ್ ನೋಡಿಕೊಳ್ಳುವವರು) ಹತ್ತಿರ ಕೇಳಿ ಪಡೆಯಬೇಕಾದ್ದು

ಸರ್ವರ್‌ನ ಹೆಸರು, ಪೋರ್ಟ್, ಡೇಟಾಬೇಸ್‌ನ ಹೆಸರು, ಓದಲು ಮಾತ್ರ ಅನುಮತಿ ಇರುವ ಒಂದು ಲಾಗಿನ್. ಪೋರ್ಟ್ ಬದಲಾಯಿಸಿರದಿದ್ದರೆ ಎಸ್‌ಕ್ಯೂಎಲ್ ಸರ್ವರ್‌ಗೆ 1433, ಮೈಎಸ್‌ಕ್ಯೂಎಲ್‌ಗೆ 3306, ಪೋಸ್ಟ್‌ಗ್ರೆಸ್‌ಗೆ 5432, ಒರಾಕಲ್‌ಗೆ 1521. ನಿಮ್ಮ ಕಂಪ್ಯೂಟರ್‌ನಿಂದ ಸರ್ವರ್‌ವರೆಗೆ ಆ ಪೋರ್ಟ್ ಫೈರ್‌ವಾಲ್‌ನಲ್ಲಿ ತೆರೆದಿದೆಯೇ ಎಂದೂ ಕೇಳಿಕೊಳ್ಳಿ. ಬಹಳ ಹೊತ್ತು ಸುತ್ತಿ ಕೊನೆಗೆ ಟೈಮ್‌ಔಟ್ ಬಂದರೆ ತೊಂದರೆ ಸಾಮಾನ್ಯವಾಗಿ ನೆಟ್‌ವರ್ಕ್‌ನಲ್ಲಿರುತ್ತದೆ. ತಕ್ಷಣ 'ಲಾಗಿನ್ ಫೇಲ್ಡ್' ಎಂದರೆ ಸರ್ವರ್ ತನಕ ತಲುಪಿದ್ದೀರಿ, ಪಾಸ್‌ವರ್ಡ್ ಅಥವಾ ಅನುಮತಿ ಸರಿಯಿಲ್ಲ ಎಂದರ್ಥ.

ಇದರ ಜೊತೆಗೆ ಒಂದು ವ್ಯೂ, ಅಂದರೆ ಟೇಬಲ್‌ನಂತೆ ಓದಬಹುದಾದ, ಡೇಟಾಬೇಸ್‌ನಲ್ಲೇ ಉಳಿಸಿಟ್ಟ ಕ್ವೆರಿ ಬೇಕು. ಮೂಲ ಟೇಬಲ್‌ಗಳನ್ನು ನೇರವಾಗಿ ಶೀಟಿಗೆ ಎಳೆಯಬೇಡಿ. ಟೇಬಲ್‌ನ ಕಾಲಂ ಹೆಸರು ಬದಲಾದ ದಿನ ವರದಿಯೂ ಮುರಿಯುತ್ತದೆ. ಸಾಲದ್ದಕ್ಕೆ ನಿಮಗೆ ಬೇಡದ ಸಂಬಳ, ಫೋನ್ ನಂಬರ್‌ನಂಥ ಕಾಲಂಗಳೂ ಕೈಗೆ ಸಿಗುತ್ತವೆ. ವರದಿಗಳಿಗೆಂದೇ ಬೇರೆ ಸ್ಕೀಮಾ (ಡೇಟಾಬೇಸ್ ಒಳಗಿನ ಒಂದು ವಿಭಾಗ) ಮಾಡಿ, ಅದರಲ್ಲಿ ಬೇಕಾದ ಕಾಲಂಗಳಷ್ಟೇ ಇರುವ ವ್ಯೂ ಇಟ್ಟು, ಲಾಗಿನ್‌ಗೆ ಆ ಸ್ಕೀಮಾ ಮೇಲಷ್ಟೇ ಸೆಲೆಕ್ಟ್ (ಓದುವ) ಅನುಮತಿ ಕೊಡುವುದು ಸರಿಯಾದ ಕ್ರಮ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಸುಲಭವೆಂದು ಡಿಬಿ-ಡೇಟಾ-ರೀಡರ್ ರೋಲ್ ಕೊಟ್ಟು ಕೈತೊಳೆದುಕೊಳ್ಳುವವರಿದ್ದಾರೆ. ಆ ರೋಲ್ ಇದ್ದರೆ ಇಡೀ ಡೇಟಾಬೇಸ್‌ನ ಎಲ್ಲ ಟೇಬಲ್‌ಗಳೂ ಓದಲು ಸಿಗುತ್ತವೆ.

ಡ್ರೈವರ್: 32 ಮತ್ತು 64ರ ಜಗಳ

ಎಸ್‌ಕ್ಯೂಎಲ್ ಸರ್ವರ್ ಆದರೆ ಪವರ್ ಕ್ವೆರಿಗೆ ಪ್ರತ್ಯೇಕ ಡ್ರೈವರ್ (ಎಕ್ಸೆಲ್ ಮತ್ತು ಡೇಟಾಬೇಸ್ ನಡುವೆ ಮಾತು ನಡೆಸುವ ಪ್ರೋಗ್ರಾಂ) ಬೇಡ. ಬೇರೆ ಡೇಟಾಬೇಸ್‌ಗಳಿಗೆ ಬೇಕು. ಅಲ್ಲಿ ಎಲ್ಲರೂ ಒಮ್ಮೆಯಾದರೂ ಎಡವುವ ಕಲ್ಲು ಬಿಟ್‌ಗಳದ್ದು. ಡ್ರೈವರ್ ಹೊಂದಬೇಕಾದದ್ದು ಎಕ್ಸೆಲ್‌ಗೆ, ವಿಂಡೋಸ್‌ಗಲ್ಲ. 64 ಬಿಟ್ ವಿಂಡೋಸ್‌ನಲ್ಲಿ 32 ಬಿಟ್ ಎಕ್ಸೆಲ್ ಇದ್ದರೆ 32 ಬಿಟ್ ಡ್ರೈವರೇ ಬೇಕು. ಫೈಲ್, ಅಕೌಂಟ್, ಅಬೌಟ್ ಎಕ್ಸೆಲ್‌ಗೆ ಹೋದರೆ ಯಾವುದೆಂದು ತಿಳಿಯುತ್ತದೆ. ತಪ್ಪಿದರೆ ಡ್ರೈವರ್ ಮತ್ತು ಅಪ್ಲಿಕೇಶನ್ ನಡುವೆ 'ಆರ್ಕಿಟೆಕ್ಚರ್ ಮಿಸ್‌ಮ್ಯಾಚ್' ಎಂಬ ಎರರ್ ಬರುತ್ತದೆ.

ಡೇಟಾಬೇಸ್ ಡ್ರೈವರ್‌ಗಳ ಸಾಮಾನ್ಯ ಮಾನದಂಡವಾದ ಓಡಿಬಿಸಿಯ ಅಡ್ಮಿನಿಸ್ಟ್ರೇಟರ್ ಕೂಡ ಎರಡಿವೆ, ಹೆಸರುಗಳಂತೂ ತಲೆ ಕೆಡಿಸುವಂತಿವೆ: ಸಿಸ್ಟಮ್32 ಫೋಲ್ಡರ್‌ನಲ್ಲಿರುವುದು 64 ಬಿಟ್‌ನದು, ಸಿಸ್‌ವಾವ್64 ಫೋಲ್ಡರ್‌ನಲ್ಲಿರುವುದು 32 ಬಿಟ್‌ನದು. ಒಂದರಲ್ಲಿ ಮಾಡಿಟ್ಟ ಸಿಸ್ಟಮ್ ಡಿಎಸ್‌ಎನ್ (ಹೆಸರಿಟ್ಟು ಉಳಿಸಿದ ಕನೆಕ್ಷನ್ ವಿವರ) ಇನ್ನೊಂದು ಬಗೆಯ ಎಕ್ಸೆಲ್‌ಗೆ ಪ್ರಯೋಜನಕ್ಕೆ ಬರುವುದಿಲ್ಲ. ವರದಿಯನ್ನು ಹತ್ತು ಜನ ಬಳಸುವುದಿದ್ದರೆ ಡಿಎಸ್‌ಎನ್ ಸಹವಾಸವೇ ಬೇಡ. ಡ್ರೈವರ್, ಸರ್ವರ್, ಡೇಟಾಬೇಸ್‌ನ ಹೆಸರುಗಳನ್ನು ಕನೆಕ್ಷನ್ ಸ್ಟ್ರಿಂಗ್‌ನಲ್ಲೇ ಬರೆಯಿರಿ. ಆಗ ಪ್ರತಿ ಕಂಪ್ಯೂಟರ್‌ನಲ್ಲಿ ಡ್ರೈವರ್ ಹಾಕಿದರೆ ಸಾಕು.

ಎಸ್‌ಕ್ಯೂಎಲ್ ಸರ್ವರ್‌ನ ಓಡಿಬಿಸಿ ಡ್ರೈವರ್ 17 ಇದ್ದದ್ದನ್ನು 18ಕ್ಕೆ ಏರಿಸಿದ ಮೇಲೆ ಕನೆಕ್ಷನ್ ನಿಂತುಹೋದರೆ ಕಾರಣ ಇದು: 18ರಿಂದ ಎನ್‌ಕ್ರಿಪ್ಷನ್ ತಾನಾಗಿಯೇ ಆನ್ ಆಗಿರುತ್ತದೆ, ಸರ್ವರ್‌ನ ಸರ್ಟಿಫಿಕೇಟ್ ನಂಬಲರ್ಹವೇ ಎಂದು ಪರೀಕ್ಷೆಯೂ ನಡೆಯುತ್ತದೆ. ಸರಿಯಾದ ಸರ್ಟಿಫಿಕೇಟ್ ಹಾಕಿಸುವುದೇ ಪರಿಹಾರ. 'ಟ್ರಸ್ಟ್ ಸರ್ವರ್ ಸರ್ಟಿಫಿಕೇಟ್' ಎಂಬುದನ್ನು 'ಯೆಸ್' ಮಾಡಿದರೂ ಕೆಲಸ ನಡೆಯುತ್ತದೆ, ಆದರೆ ಪರೀಕ್ಷೆಯನ್ನೇ ಬಿಟ್ಟಂತಾಗುತ್ತದೆ.

ಜೋಡಿಸುವ ಹಂತಗಳು

1. ಡೇಟಾ ಟ್ಯಾಬ್, ಗೆಟ್ ಡೇಟಾ, ಫ್ರಮ್ ಡೇಟಾಬೇಸ್‌ನಲ್ಲಿ ನಿಮ್ಮ ಡೇಟಾಬೇಸ್ ಆರಿಸಿ. ಪೋರ್ಟ್ ಬೇರೆಯಿದ್ದರೆ ಎಸ್‌ಕ್ಯೂಎಲ್ ಸರ್ವರ್‌ಗೆ ಸರ್ವರ್ ಹೆಸರಿನ ನಂತರ ಅಲ್ಪವಿರಾಮ ಹಾಕಿ ಪೋರ್ಟ್ ಬರೆಯಬೇಕು, ಪೋಸ್ಟ್‌ಗ್ರೆಸ್‌ಗೆ ಕೋಲನ್.

2. ಲಾಗಿನ್ ಕೇಳುವಾಗ ಎಡಗಡೆ ವಿಂಡೋಸ್, ಡೇಟಾಬೇಸ್ ಎಂಬ ಆಯ್ಕೆಗಳಿರುತ್ತವೆ. ಡಿಬಿಎ ಕೊಟ್ಟದ್ದು ಡೇಟಾಬೇಸ್ ಲಾಗಿನ್ ಆಗಿದ್ದು ನೀವು ವಿಂಡೋಸ್ ಒತ್ತಿದರೆ ಎಕ್ಸೆಲ್ ಆ ತಪ್ಪನ್ನೇ ನೆನಪಿಟ್ಟುಕೊಂಡು ಮತ್ತೆ ಮತ್ತೆ ಅದನ್ನೇ ಬಳಸಬಹುದು. ಗೆಟ್ ಡೇಟಾ ಮೆನುವಿನ ಕೆಳಗಿರುವ ಡೇಟಾ ಸೋರ್ಸ್ ಸೆಟ್ಟಿಂಗ್ಸ್‌ಗೆ ಹೋಗಿ ಕ್ಲಿಯರ್ ಪರ್ಮಿಷನ್ಸ್ ಕೊಟ್ಟರೆ ಹೊಸದಾಗಿ ಕೇಳುತ್ತದೆ.

3. ನ್ಯಾವಿಗೇಟರ್‌ನಲ್ಲಿ ವ್ಯೂ ಆರಿಸಿ. ಲೋಡ್ ಒತ್ತಬೇಡಿ, ಟ್ರಾನ್ಸ್‌ಫಾರ್ಮ್ ಡೇಟಾ ಒತ್ತಿ.

4. ಮೊದಲು ಸಾಲುಗಳನ್ನು ಫಿಲ್ಟರ್ ಮಾಡಿ, ಆಮೇಲೆ ಬೇಡದ ಕಾಲಂ ತೆಗೆಯಿರಿ, ಉಳಿದ ಕೆಲಸ ಆಮೇಲೆ. ಈ ಕ್ರಮ ಮುಖ್ಯ. ಪವರ್ ಕ್ವೆರಿ ತನ್ನ ಹಂತಗಳನ್ನು ಸಾಧ್ಯವಾದಷ್ಟು ಒಂದೇ ಎಸ್‌ಕ್ಯೂಎಲ್ ಆಗಿ ಮಡಚಿ ಸರ್ವರ್‌ಗೆ ಕಳಿಸುತ್ತದೆ. ಇದಕ್ಕೆ ಕ್ವೆರಿ ಫೋಲ್ಡಿಂಗ್ ಎನ್ನುತ್ತಾರೆ. ಮಡಚಿಕೊಂಡರೆ ಸರ್ವರ್ ಬೇಕಾದ 2,000 ಸಾಲುಗಳನ್ನಷ್ಟೇ ಕಳಿಸುತ್ತದೆ. ಇಲ್ಲದಿದ್ದರೆ 20 ಲಕ್ಷ ಸಾಲೂ ನಿಮ್ಮ ಕಂಪ್ಯೂಟರ್‌ಗೆ ಬಂದು ಇಲ್ಲಿ ಸೋಸಲ್ಪಡುತ್ತವೆ. ಕೊನೆಯ ಹಂತದ ಮೇಲೆ ರೈಟ್ ಕ್ಲಿಕ್ ಮಾಡಿ. 'ವ್ಯೂ ನೇಟಿವ್ ಕ್ವೆರಿ' ಒತ್ತಲು ಬಂದರೆ ಮಡಚಿಕೊಂಡಿದೆ. ಮಸುಕಾಗಿದ್ದರೆ ಬಹುಶಃ ಇಲ್ಲ, ಮೇಲಿನ ಒಂದೊಂದೇ ಹಂತದಲ್ಲಿ ನೋಡುತ್ತ ಹೋಗಿ. ಇಂಡೆಕ್ಸ್ ಕಾಲಂ ಸೇರಿಸಿದ ಹಂತದಲ್ಲಿ ಸಾಮಾನ್ಯವಾಗಿ ಇದು ಮುರಿಯುತ್ತದೆ. ಶುರುವಿನಲ್ಲೇ ನೀವು ಕೈಯಾರೆ ಎಸ್‌ಕ್ಯೂಎಲ್ ಬರೆದಿದ್ದರೆ ಅದರ ಮುಂದಿನ ಹಂತಗಳು ಮಡಚಿಕೊಳ್ಳುತ್ತವೆಂದು ಭಾವಿಸಬೇಡಿ. ಫಿಲ್ಟರನ್ನು ಆ ಎಸ್‌ಕ್ಯೂಎಲ್ ಒಳಗೇ ಹಾಕಿ.

5. ಪ್ರತಿ ಕಾಲಂನ ಟೈಪ್ ನೋಡಿ. ಕೋಡ್‌ಗಳು ಟೆಕ್ಸ್ಟ್, ಹಣ ಡೆಸಿಮಲ್, ದಿನಾಂಕ ಡೇಟ್.

6. ಕ್ಲೋಸ್ ಆಂಡ್ ಲೋಡ್ ಟು ಒತ್ತಿ, ಎಲ್ಲಿಗೆ ಎಂದು ಆರಿಸಿ. ಕೆಲವು ಸಾವಿರ ಸಾಲಾದರೆ ಟೇಬಲ್ ಸರಿ. ಲಕ್ಷಗಟ್ಟಲೆ ಇದ್ದರೆ ಕನೆಕ್ಷನ್ ಮಾತ್ರ ಇಟ್ಟು ಡೇಟಾ ಮಾಡೆಲ್‌ಗೆ (ಶೀಟಿನ ಹೊರಗೆ, ಫೈಲ್ ಒಳಗೇ ಇರುವ ಡೇಟಾ ಸಂಗ್ರಹ) ಸೇರಿಸಿ ಪಿವಟ್ (ಸಾರಾಂಶ ಪಟ್ಟಿ) ಮಾಡಿ.

7. ಕ್ವೆರಿ ಪ್ರಾಪರ್ಟೀಸ್‌ನಲ್ಲಿ 'ಎನೇಬಲ್ ಬ್ಯಾಕ್‌ಗ್ರೌಂಡ್ ರಿಫ್ರೆಶ್' ತೆಗೆದುಹಾಕಿ. ಇದು ಆನ್ ಇದ್ದಾಗ ರಿಫ್ರೆಶ್ ಆಲ್ ಮಾಡುವ ಮ್ಯಾಕ್ರೋ ಡೇಟಾ ಬರುವ ಮೊದಲೇ ಮುಂದಿನ ಸಾಲಿಗೆ ಹೋಗಿ, ಹಳೆಯ ಅಂಕಿಗಳನ್ನೇ ಪಿಡಿಎಫ್ ಮಾಡಿ ಕಳಿಸಿಬಿಡುತ್ತದೆ.

6ನೇ ಹಂತದಲ್ಲಿ ಸಾಲುಗಳ ಸಂಖ್ಯೆ ನೋಡಲು ಹೇಳಿದ್ದು ತಮಾಷೆಗಲ್ಲ. ಎಕ್ಸೆಲ್ 2007ರಿಂದ ಒಂದು ಶೀಟಿಗೆ 10,48,576 ಸಾಲು. ಅದಕ್ಕೂ ಹಿಂದಿನ ಎಕ್ಸ್‌ಎಲ್‌ಎಸ್ ಫೈಲಿಗೆ 65,536 ಸಾಲು ಮಾತ್ರ. 2020ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಕೋವಿಡ್ ಲೆಕ್ಕದಿಂದ 15,841 ಪ್ರಕರಣಗಳು ಬಿಟ್ಟುಹೋದದ್ದು ಬೆಳಕಿಗೆ ಬಂತು. ಪ್ರಯೋಗಾಲಯಗಳ ಮಾಹಿತಿಯನ್ನು ಹಳೆಯ ಎಕ್ಸ್‌ಎಲ್‌ಎಸ್ ರೂಪದ ಫೈಲ್‌ಗಳಿಗೆ ತುಂಬುವಾಗ ಸಾಲುಗಳ ಮಿತಿ ಮುಟ್ಟಿ, ಮಿಕ್ಕ ಸಾಲುಗಳು ಹೊರಗೇ ಉಳಿದಿದ್ದವು.

ದಿನಾಂಕವನ್ನು ಸೆಲ್‌ನಿಂದ ತೆಗೆದುಕೊಳ್ಳುವುದು

ಪ್ರತಿ ತಿಂಗಳೂ ಕ್ವೆರಿ ತೆರೆದು ದಿನಾಂಕ ತಿದ್ದುವುದು ಯಾರಿಗೂ ಬೇಡ. ಎರಡು ಸೆಲ್‌ಗಳಿಗೆ ಆರಂಭ, ಮುಕ್ತಾಯ ಎಂದು ಹೆಸರು ಕೊಟ್ಟು, ಫ್ರಮ್ ಟೇಬಲ್/ರೇಂಜ್ ಮೂಲಕ ಪವರ್ ಕ್ವೆರಿಗೆ ತಂದು, ಮೊದಲ ಸಾಲಿನ ವ್ಯಾಲ್ಯೂ ಮೇಲೆ ರೈಟ್ ಕ್ಲಿಕ್ ಮಾಡಿ 'ಡ್ರಿಲ್ ಡೌನ್' ಕೊಡಿ. ಆ ವ್ಯಾಲ್ಯೂವನ್ನೇ ಫಿಲ್ಟರ್‌ನಲ್ಲಿ ಬಳಸಿ. ಇಲ್ಲಿ ಬಹುಪಾಲು ಜನರಿಗೆ 'ಫಾರ್ಮುಲಾ ಫೈರ್‌ವಾಲ್' ಎರರ್ ಎದುರಾಗುತ್ತದೆ. ಶೀಟ್ ಒಂದು ಮೂಲ, ಡೇಟಾಬೇಸ್ ಇನ್ನೊಂದು ಮೂಲ. ಒಂದರ ಮಾಹಿತಿ ಇನ್ನೊಂದಕ್ಕೆ ಸೋರದಿರಲಿ ಎಂಬ ತಡೆ ಅದು. ಎರಡೂ ಕಂಪನಿಯದೇ ಆದ್ದರಿಂದ ಎರಡರ ಪ್ರೈವಸಿ ಲೆವೆಲನ್ನೂ ಆರ್ಗನೈಸೇಷನಲ್ ಎಂದು ಹಾಕಿ. ಪ್ರೈವಸಿಯನ್ನೇ ಪೂರಾ ಕಡೆಗಣಿಸುವ ಆಯ್ಕೆಯೂ ಇದೆ, ಆದರೆ ಹೊರಗಿನ ವೆಬ್ ಮೂಲವೊಂದು ಅದೇ ಫೈಲ್‌ನಲ್ಲಿದ್ದರೆ ಅದನ್ನು ಮುಟ್ಟಬೇಡಿ.

ಮುಕ್ತಾಯದ ದಿನಾಂಕದಲ್ಲಿ ಒಂದು ಹಳೆಯ ಹೊಂಡವಿದೆ. ಕಾಲಂನಲ್ಲಿ ದಿನಾಂಕದ ಜೊತೆ ಸಮಯವೂ ಇದ್ದರೆ '31ನೇ ತಾರೀಖಿನವರೆಗೆ' ಎಂಬ ಷರತ್ತು 31ರ ಮಧ್ಯರಾತ್ರಿ 00:00ಕ್ಕೇ ನಿಲ್ಲುತ್ತದೆ. ಆ ದಿನದ ವ್ಯವಹಾರ ಪೂರ್ತಿ ಬಿಟ್ಟುಹೋಗುತ್ತದೆ. ಆರಂಭದ ದಿನ ಅಥವಾ ನಂತರ, ಮುಂದಿನ ತಿಂಗಳ 1ಕ್ಕಿಂತ ಮೊದಲು: ಷರತ್ತನ್ನು ಯಾವಾಗಲೂ ಹೀಗೇ ಬರೆಯಿರಿ.

ಎರರ್ ಬಾರದೆ ಲೆಕ್ಕ ತಪ್ಪುವ ಜಾಗಗಳು

ಎರರ್ ಬಂದರೆ ಯಾರಾದರೂ ಸರಿಪಡಿಸುತ್ತಾರೆ. ಬಾರದೆ ತಪ್ಪುವುದೇ ಅಪಾಯ.

ಮೊದಲನೆಯದು ಜಾಯಿನ್, ಅಂದರೆ ಎರಡು ಟೇಬಲ್‌ಗಳ ಜೋಡಣೆ. ಒಂದು ಆರ್ಡರ್, ಸಾಗಣೆ ವೆಚ್ಚ 500, ಅದರಲ್ಲಿ ಮೂರು ಐಟಂ. ಆರ್ಡರ್ ಟೇಬಲನ್ನು ಐಟಂ ಟೇಬಲ್‌ಗೆ ಜೋಡಿಸಿದರೆ ಮೂರು ಸಾಲು ಬರುತ್ತವೆ, ಮೂರರಲ್ಲೂ 500 ಕೂತಿರುತ್ತದೆ. ಪಿವಟ್ 1,500 ಎಂದು ಕೂಡುತ್ತದೆ. ಐಟಂಗಳ ಮೊತ್ತ ಸರಿಯಾಗಿಯೇ ಇರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಐಟಂಗಳನ್ನು ಮೊದಲು ಆರ್ಡರ್‌ವಾರು ಒಟ್ಟು ಮಾಡಿ ಆಮೇಲೆ ಜೋಡಿಸಬೇಕು, ಇಲ್ಲವೇ ಆರ್ಡರ್ ಮಟ್ಟದ ಹಣಕ್ಕೂ ಐಟಂ ಮಟ್ಟದ ಹಣಕ್ಕೂ ಎರಡು ಬೇರೆ ವ್ಯೂ ಇರಬೇಕು.

ಎರಡನೆಯದು ಷರಾ ಕಾಲಂ. ಕ್ವೆರಿಯ ಟೇಬಲ್ ಪಕ್ಕದಲ್ಲೇ ಒಂದು ಕಾಲಂ ಸೇರಿಸಿ 'ಫೋನ್ ಮಾಡಲಾಗಿದೆ', 'ಚೆಕ್ ಬರಬೇಕು' ಎಂದು ಟೈಪ್ ಮಾಡಿಕೊಳ್ಳುವುದು ಎಲ್ಲರ ಅಭ್ಯಾಸ. 4ನೇ ಸಾಲಿನಲ್ಲಿ ಬಿಲ್ 1107 ಇತ್ತು, ಅದರೆದುರು 'ಪಾವತಿ ಆಗಿದೆ' ಎಂದು ಬರೆದಿರಿ. ಮಾರನೆಯ ದಿನ ರಿಫ್ರೆಶ್ ಮಾಡಿದಾಗ ಹಳೆಯ ಬಿಲ್ 1098 ಹೊಸದಾಗಿ ಪಟ್ಟಿಗೆ ಬಂದು ಮೇಲೆ ಸೇರಿತು. 1107 ಐದನೇ ಸಾಲಿಗೆ ಜಾರಿತು, ನಿಮ್ಮ ಷರಾ ಮಾತ್ರ ನಾಲ್ಕರಲ್ಲೇ ಉಳಿಯಿತು. ಈಗ ಪಾವತಿಯಾಗದ ಬೇರೊಂದು ಬಿಲ್ಲಿಗೆ 'ಪಾವತಿ ಆಗಿದೆ' ಅಂಟಿಕೊಂಡಿದೆ. ಟೈಪ್ ಮಾಡಿದ ಸೆಲ್‌ಗೂ ಬಿಲ್ ನಂಬರ್‌ಗೂ ಎಕ್ಸೆಲ್ ಕಣ್ಣಿಗೆ ಯಾವ ಸಂಬಂಧವೂ ಇಲ್ಲ. ಷರಾಗಳಿಗೆ ಬೇರೆ ಶೀಟಿನಲ್ಲಿ ಬಿಲ್ ನಂಬರ್, ಷರಾ ಎಂಬ ಎರಡು ಕಾಲಂನ ಟೇಬಲ್ ಮಾಡಿ, ಪವರ್ ಕ್ವೆರಿಯ ಮರ್ಜ್‌ನಿಂದ ಬಿಲ್ ನಂಬರ್ ಮೇಲೆ ಜೋಡಿಸಿ. ಷರಾಗಳು ನಿಜಕ್ಕೂ ಮುಖ್ಯವಾದವಾದರೆ ಅವೂ ಡೇಟಾಬೇಸ್‌ಗೇ ಹೋಗಬೇಕು.

ಮಿಕ್ಕವು ಚಿಕ್ಕವು, ಆದರೆ ದಿನಾ ಬರುವಂಥವು. ಎಕ್ಸೆಲ್ ಸಂಖ್ಯೆಯಲ್ಲಿ 15 ಅಂಕಿಗಳವರೆಗೆ ಮಾತ್ರ ಉಳಿಸಿಕೊಳ್ಳುತ್ತದೆ. 16 ಅಂಕಿಯ ಖಾತೆ ನಂಬರಿನ ಕೊನೆಯ ಅಂಕಿ ಸೊನ್ನೆಯಾಗಿಬಿಡುತ್ತದೆ. 00412 ಎಂಬ ಕೋಡ್ 412 ಆಗುತ್ತದೆ. ಎರಡಕ್ಕೂ ಮದ್ದು ಪವರ್ ಕ್ವೆರಿಯಲ್ಲೇ ಟೆಕ್ಸ್ಟ್ ಎಂದು ಘೋಷಿಸುವುದು. ಶೀಟಿಗೆ ಬಂದ ಮೇಲೆ ಫಾರ್ಮ್ಯಾಟ್ ಬದಲಾಯಿಸಿದರೆ ಕಳೆದ ಅಂಕಿ ಮರಳುವುದಿಲ್ಲ. ವಿಲುಕಪ್ ಕಾರಣವಿಲ್ಲದೆ ಸಿಗುತ್ತಿಲ್ಲವೆಂದರೆ ಮೂಲ ಕಾಲಂ ನಿಗದಿತ ಉದ್ದದ ಪಠ್ಯದ ಟೈಪ್ ಆದ ಕ್ಯಾರ್ ಆಗಿದ್ದು, ಹೆಸರಿನ ಬಾಲಕ್ಕೆ ಖಾಲಿ ಜಾಗಗಳು ಅಂಟಿರಬಹುದು. ವ್ಯೂನಲ್ಲೇ ಟ್ರಿಮ್ ಮಾಡಿಸಿ. ಕನ್ನಡದ ಹೆಸರುಗಳ ಬದಲು ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬಂದರೆ ಒಂದೋ ಯೂನಿಕೋಡ್ ಬದಲು ಕನ್ನಡ ಹಿಡಿಸದ ಆನ್ಸಿ ಡ್ರೈವರ್ ಹಾಕಿದ್ದೀರಿ, ಇಲ್ಲವೇ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಕಾಲಂ ಯೂನಿಕೋಡ್ ಪಠ್ಯದ ಟೈಪ್ ಆದ ಎನ್‌ವಾರ್‌ಕ್ಯಾರ್ ಆಗಿರದೆ ಬರೆಯುವಾಗಲೇ ಅಕ್ಷರ ಕಳೆದುಹೋಗಿದೆ. ಎರಡನೆಯದಾದರೆ ವರದಿ ತಿದ್ದಿ ಉಪಯೋಗವಿಲ್ಲ.

ಟೈಪ್ ಮಾಡಿದ ಕೋಡ್ ದಿನಾಂಕವಾಗಿ ಬದಲಾಗುವ ಕಾಟವಂತೂ ಎಷ್ಟು ಹಳೆಯದೆಂದರೆ, ಮಾರ್ಚ್1, ಸೆಪ್ಟ್1 ಎಂಬಂಥ ಜೀನ್‌ಗಳ ಹೆಸರುಗಳನ್ನೇ ಬದಲಿಸಬೇಕಾಯಿತು. 2020ರಲ್ಲಿ ಹೊರಬಂದ ನಾಮಕರಣದ ಮಾರ್ಗಸೂಚಿ ಅದನ್ನು ಹೇಳಿಯೇ ಹೇಳಿತು. ವಿಜ್ಞಾನಿಗಳೇ ಸೋತ ಮೇಲೆ ನಮ್ಮ ಐಟಂ ಕೋಡ್‌ಗಳ ಪಾಡೇನು!

ಇವೆಲ್ಲಕ್ಕೂ ಕಾವಲಾಗಿ ವರದಿಯ ಮೂಲೆಯಲ್ಲಿ ತಾಳೆ ನೋಡುವ ಸೆಲ್‌ಗಳನ್ನಿಡಿ. ಯಾವ ಜಾಯಿನ್ ಇಲ್ಲದೆ ಮೂಲ ಟೇಬಲ್ ಮೇಲೆ ಸಾಲುಗಳ ಎಣಿಕೆ ಮತ್ತು ಮೊತ್ತ ಕೊಡುವ ಪುಟ್ಟ ವ್ಯೂ ಒಂದನ್ನು ಡಿಬಿಎಯಿಂದ ಮಾಡಿಸಿ, ಶೀಟಿನ ಮೊತ್ತದೊಂದಿಗೆ ಹೋಲಿಸಿ, ವ್ಯತ್ಯಾಸ ಸೊನ್ನೆಯಲ್ಲದಿದ್ದರೆ ಕೆಂಪಾಗುವಂತೆ ಮಾಡಿ. ಪಕ್ಕದಲ್ಲಿ ಕೊನೆಯ ರಿಫ್ರೆಶ್‌ನ ಸಮಯವೂ ಇರಲಿ.

ಬರೆಯುವ ಬಾಗಿಲು

ಪವರ್ ಕ್ವೆರಿ ಓದುತ್ತದೆ ಅಷ್ಟೇ, ಶೀಟಿನಲ್ಲಿ ತಿದ್ದಿದ್ದನ್ನು ಡೇಟಾಬೇಸ್‌ಗೆ ವಾಪಸು ಕಳಿಸುವುದಿಲ್ಲ. ಎಂಟ್ರಿಗೆ ವಿಬಿಎ (ಎಕ್ಸೆಲ್‌ನ ಮ್ಯಾಕ್ರೋ ಭಾಷೆ) ಮತ್ತು ಎಡಿಒ (ಮ್ಯಾಕ್ರೋದಿಂದ ಡೇಟಾಬೇಸ್ ಮುಟ್ಟುವ ಲೈಬ್ರರಿ) ಬೇಕು. ಬಾಳಿಕೆ ಬರುವ ವಿನ್ಯಾಸ ಇದು: ಶೀಟಿನ ಸಾಲುಗಳು ನೇರವಾಗಿ ಮೂಲ ಟೇಬಲ್‌ಗೆ ಹೋಗಬಾರದು. ಮೊದಲು ಒಂದು ಸ್ಟೇಜಿಂಗ್ ಟೇಬಲ್‌ಗೆ (ಪರೀಕ್ಷೆಯ ತನಕದ ತಂಗುದಾಣ) ಇಳಿಯಬೇಕು. ಅಲ್ಲಿಂದ ಸ್ಟೋರ್ಡ್ ಪ್ರೊಸೀಜರ್ (ಡೇಟಾಬೇಸ್‌ನಲ್ಲೇ ಉಳಿಸಿಟ್ಟ ಪ್ರೋಗ್ರಾಂ) ಪರೀಕ್ಷಿಸಿ, ಸರಿಯಿದ್ದದ್ದನ್ನು ಒಳಗೆ ಬಿಟ್ಟು, ತಪ್ಪಿದ್ದದ್ದನ್ನು ಕಾರಣ ಬರೆದು ಹಿಂದಿರುಗಿಸಬೇಕು. ಎಂಟ್ರಿ ಲಾಗಿನ್‌ಗೆ ಸ್ಟೇಜಿಂಗ್ ಮೇಲೆ ಇನ್ಸರ್ಟ್, ಕಾರಣಗಳನ್ನು ಓದುವಷ್ಟು ಸೆಲೆಕ್ಟ್, ಪ್ರೊಸೀಜರ್ ಮೇಲೆ ಎಕ್ಸಿಕ್ಯೂಟ್. ಅದಕ್ಕಿಂತ ಹೆಚ್ಚಿನ ಅನುಮತಿ ಬೇಡ.

ಪರೀಕ್ಷೆಯನ್ನು ಶೀಟಿನ ಡೇಟಾ ವ್ಯಾಲಿಡೇಷನ್‌ಗೇ ಬಿಟ್ಟರೆ ಸಾಲದೇ ಎಂದು ಕೇಳಬಹುದು. ಸಾಲದು. ಬೇರೆ ಕಡೆಯಿಂದ ಕಾಪಿ ಮಾಡಿ ಪೇಸ್ಟ್ ಮಾಡಿದರೆ ಪರೀಕ್ಷೆ ನಡೆಯುವುದೇ ಇಲ್ಲ, ಎಷ್ಟೋ ಸಲ ಸೆಲ್‌ನ ನಿಯಮವೇ ಅಳಿಸಿಹೋಗುತ್ತದೆ. ಡ್ರಾಪ್‌ಡೌನ್ ಇರುವುದು ಟೈಪ್ ಮಾಡುವವರ ಅನುಕೂಲಕ್ಕೆ. ಕಾವಲು ಡೇಟಾಬೇಸ್‌ನಲ್ಲೇ ಇರಬೇಕು.

ಮ್ಯಾಕ್ರೋ ಬರೆಯುವಾಗ ಗಮನದಲ್ಲಿರಬೇಕಾದ್ದು ಹೀಗೆ. ಇನ್ಸರ್ಟ್ ವಾಕ್ಯವನ್ನು ಸೆಲ್‌ನ ವ್ಯಾಲ್ಯೂಗಳನ್ನು ಪೋಣಿಸಿ ಕಟ್ಟಬೇಡಿ. ಹೆಸರಿನಲ್ಲೊಂದು ಒಂಟಿ ಉದ್ಧರಣ ಚಿಹ್ನೆ ಬಂದರೆ ವಾಕ್ಯ ಮುರಿಯುತ್ತದೆ; ಕೇಡು ಬಯಸುವವರಿಗೆ ಅದೇ ದಾರಿಯಾಗುತ್ತದೆ. ಎಡಿಒದ ಕಮಾಂಡ್ ಮತ್ತು ಪ್ಯಾರಾಮೀಟರ್ ಬಳಸಿ. ಕನ್ನಡವೂ ಬರಬಹುದಾದ ಪಠ್ಯಕ್ಕೆ ಯೂನಿಕೋಡ್ ಟೈಪ್, ಅಂದರೆ ಎಡಿಒದ ಟೈಪ್‌ಗಳಲ್ಲಿ 202 ಎಂಬ ಸಂಖ್ಯೆಯದು. ಡೆಸಿಮಲ್ ಪ್ಯಾರಾಮೀಟರ್‌ಗೆ ಪ್ರಿಸಿಷನ್ ಮತ್ತು ನ್ಯೂಮರಿಕ್ ಸ್ಕೇಲ್ ಎರಡನ್ನೂ ಕೊಡದಿದ್ದರೆ ಎರರ್ ಬರುತ್ತದೆ. ದಿನಾಂಕವನ್ನು ಪಠ್ಯವಾಗಿ ಕಳಿಸಿದರೆ 03/04 ಎಂಬುದು ಒಂದು ಕಂಪ್ಯೂಟರ್‌ನಲ್ಲಿ ಏಪ್ರಿಲ್ 3, ಇನ್ನೊಂದರಲ್ಲಿ ಮಾರ್ಚ್ 4. ಡೇಟ್ ಟೈಪ್‌ನಲ್ಲೇ ಕಳಿಸಿ. ಖಾಲಿ ಸೆಲ್ಲಿಗೆ ಸ್ಪಷ್ಟವಾಗಿ ನಲ್ (ಏನೂ ಇಲ್ಲ ಎಂಬ ಗುರುತು) ಕಳಿಸಿ, ಇಲ್ಲದಿದ್ದರೆ 'ಗೊತ್ತಿಲ್ಲ' ಎನ್ನುವುದು 'ಸೊನ್ನೆ' ಆಗಿ ಹೋಗಿ ಸರಾಸರಿಗಳೆಲ್ಲ ಕೆಳಗಿಳಿಯುತ್ತವೆ. ಇಡೀ ಕಂತನ್ನು ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಕಳಿಸಿ: 60 ಸಾಲಿನಲ್ಲಿ 41ನೆಯದು ಬಿದ್ದರೆ ಮೊದಲ 40 ಕೂಡ ಹಿಂದಕ್ಕೆ ಬರಬೇಕು.

ಗುಂಡಿಯನ್ನು ಜನ ಎರಡು ಸಲ ಒತ್ತುತ್ತಾರೆ. ನೆಟ್‌ವರ್ಕ್ ನಿಧಾನವಾದರೆ ಮೂರು ಸಲವೂ ಒತ್ತುತ್ತಾರೆ. ಪ್ರತಿ ಕಂತಿಗೆ ಒಂದು ಕಂತು ಸಂಖ್ಯೆ ಹುಟ್ಟಿಸಿ ಶೀಟಿನಲ್ಲೇ ಬರೆದಿಡಿ, ಸ್ಟೇಜಿಂಗ್‌ನಲ್ಲಿ ಕಂತು ಸಂಖ್ಯೆ ಮತ್ತು ಸಾಲು ಸಂಖ್ಯೆ ಸೇರಿ ಯೂನಿಕ್ ಆಗಿರಲಿ. ಎರಡನೇ ಸಲ ಕಳಿಸಿದ್ದನ್ನು ಡೇಟಾಬೇಸೇ ತಿರಸ್ಕರಿಸುತ್ತದೆ.

ಹೊಸ ಸಾಲು ಸೇರಿಸುವುದಕ್ಕಿಂತ ಇರುವುದನ್ನು ತಿದ್ದುವುದು ಕಷ್ಟ. ಬೆಳಿಗ್ಗೆ ಇಬ್ಬರು ಒಂದೇ ಬೆಲೆಪಟ್ಟಿಯನ್ನು ಇಳಿಸಿಕೊಂಡು, ಒಬ್ಬರು 11ಕ್ಕೆ, ಇನ್ನೊಬ್ಬರು 12ಕ್ಕೆ ಕಳಿಸಿದರೆ ಮೊದಲಿನವರ ತಿದ್ದುಪಡಿ ಸದ್ದಿಲ್ಲದೆ ಅಳಿಯುತ್ತದೆ. ಎಸ್‌ಕ್ಯೂಎಲ್ ಸರ್ವರ್‌ನ ರೋವರ್ಷನ್ ಕಾಲಂ (ಸಾಲು ತಿದ್ದಿದಾಗಲೆಲ್ಲ ತಾನಾಗಿ ಬದಲಾಗುವಂಥದ್ದು) ಇದಕ್ಕೇ ಇರುವುದು: ಇಳಿಸುವಾಗ ಅದನ್ನೂ ತಂದು ಮರೆಮಾಡಿದ ಕಾಲಂನಲ್ಲಿ ಇಡಿ, ತಿದ್ದುವಾಗ 'ವರ್ಷನ್ ಇದೇ ಇದ್ದರೆ ಮಾತ್ರ' ಎಂಬ ಷರತ್ತು ಹಾಕಿ. ತಿದ್ದಿದ ಸಾಲುಗಳ ಎಣಿಕೆ 0 ಬಂದರೆ ನಡುವೆ ಬೇರೆಯವರು ತಿದ್ದಿದ್ದಾರೆ ಎಂದರ್ಥ. ಇಂಥ ತಿದ್ದುಪಡಿ ದಿನಕ್ಕೆ ಹತ್ತಾರು ನಡೆಯುವುದಾದರೆ ಎಕ್ಸೆಲ್ ಬಿಟ್ಟು ಆಕ್ಸೆಸ್‌ನ ಲಿಂಕ್ಡ್ ಟೇಬಲ್ ಮೇಲಿನ ಫಾರ್ಮ್‌ಗೋ ಚಿಕ್ಕ ವೆಬ್ ಫಾರ್ಮ್‌ಗೋ ಹೋಗುವುದೇ ಲೇಸು.

ಹಂಚುವಾಗ

ಪವರ್ ಕ್ವೆರಿಯ ಪಾಸ್‌ವರ್ಡ್ ಫೈಲ್‌ನಲ್ಲಿ ಇರುವುದಿಲ್ಲ, ಆಯಾ ಬಳಕೆದಾರರ ಕಂಪ್ಯೂಟರ್‌ನಲ್ಲಿರುತ್ತದೆ. ಹಾಗಾಗಿ ಸಹೋದ್ಯೋಗಿ ತೆರೆದಾಗ ಮತ್ತೆ ಕೇಳಿದರೆ ಅದು ದೋಷವಲ್ಲ. ಹಳೆಯ ಓಡಿಬಿಸಿ ಕನೆಕ್ಷನ್‌ನಲ್ಲಿ 'ಸೇವ್ ಪಾಸ್‌ವರ್ಡ್' ಒತ್ತಿದರೆ ಮಾತ್ರ ಪಾಸ್‌ವರ್ಡ್ ಓದಲು ಬರುವ ರೂಪದಲ್ಲೇ ಉಳಿಯುತ್ತದೆ. ಮ್ಯಾಕ್ರೋ ಒಳಗೆ ಪಾಸ್‌ವರ್ಡ್ ಬರೆದು ವಿಬಿಎಗೆ ಬೀಗ ಹಾಕಿದರೆ ಅದು ಬೀಗವೇ ಅಲ್ಲ. ಸಾಧ್ಯವಿದ್ದಲ್ಲೆಲ್ಲ ವಿಂಡೋಸ್ ಲಾಗಿನ್ ಬಳಸಿ.

ಇನ್ನೊಂದು ಸೋರಿಕೆ ಅನೇಕರಿಗೆ ಹೊಳೆಯುವುದಿಲ್ಲ. ಪಿವಟ್ ಮಾತ್ರ ಉಳಿಸಿ ಡೇಟಾ ಶೀಟ್ ಅಳಿಸಿದರೂ ಪಿವಟ್‌ನ ಕ್ಯಾಶ್‌ನಲ್ಲಿ (ಫೈಲ್ ಒಳಗೆ ಉಳಿಸಿಟ್ಟ ನಕಲಿನಲ್ಲಿ) ಮೂಲ ಸಾಲುಗಳು ಉಳಿದಿರಬಹುದು. ಒಟ್ಟು ಮೊತ್ತದ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಹೊಸ ಶೀಟಿನಲ್ಲಿ ಅಷ್ಟೂ ಸಾಲು ಬಿಚ್ಚಿಕೊಳ್ಳುತ್ತವೆ. ಹೊರಗೆ ಕಳಿಸುವುದಿದ್ದರೆ ವ್ಯಾಲ್ಯೂಗಳನ್ನಷ್ಟೇ ಹೊಸ ಫೈಲ್‌ಗೆ ಅಂಟಿಸಿ ಕಳಿಸಿ.

ತಾನಾಗಿ ರಿಫ್ರೆಶ್ ಆಗುವ ಅವಧಿಯನ್ನು ಲೆಕ್ಕ ಹಾಕಿ ಇಡಿ. 20 ಜನ 5 ನಿಮಿಷಕ್ಕೊಮ್ಮೆ ಎಂದರೆ ಗಂಟೆಗೆ 240 ಕ್ವೆರಿ, ಅದೂ ಬಿಲ್ಲಿಂಗ್ ನಡೆಯುವ ಅದೇ ಸರ್ವರ್ ಮೇಲೆ. ವರದಿಗೆಂದು ಡೇಟಾಬೇಸ್‌ನ ಬೇರೊಂದು ನಕಲು ಇದ್ದರೆ ಅಲ್ಲಿಗೆ ಹೋಗಿ. ಕ್ವೆರಿಯಲ್ಲಿ ನೋಲಾಕ್ (ಲಾಕ್‌ಗಾಗಿ ಕಾಯದೆ ಓದು ಎಂಬ ಸೂಚನೆ) ಹಾಕಿದರೆ ಎಲ್ಲ ಸರಿಹೋಗುತ್ತದೆಂಬ ಸಲಹೆ ಕೇಳಿ ಬರುತ್ತದೆ. ಅದು ಇನ್ನೂ ಕಮಿಟ್ ಆಗದ, ಮುಂದೆ ರದ್ದಾಗಬಹುದಾದ ಸಾಲುಗಳನ್ನೂ ಓದುತ್ತದೆ, ಕೆಲವೊಮ್ಮೆ ಒಂದೇ ಸಾಲನ್ನು ಎರಡು ಸಲ ಓದುತ್ತದೆ. ಹಣದ ವರದಿಗೆ ಬೇಡ.

ಪಾಸ್‌ವರ್ಡ್ ಬದಲಾಯಿಸುವ ದಿನ ಮಾತ್ರ ಮರೆಯದೆ ಈ ಕ್ರಮ ಪಾಲಿಸಿ: ಮೊದಲು ತಾನಾಗಿ ರಿಫ್ರೆಶ್ ಆಗುವ ಫೈಲ್‌ಗಳನ್ನೆಲ್ಲ ಮುಚ್ಚಿಸಿ, ಆಮೇಲೆ ಬದಲಾಯಿಸಿ, ಕೊನೆಗೆ ಪ್ರತಿ ಕಂಪ್ಯೂಟರ್‌ನ ಡೇಟಾ ಸೋರ್ಸ್ ಸೆಟ್ಟಿಂಗ್ಸ್‌ನಲ್ಲಿ ಹೊಸದನ್ನು ಕೊಡಿ. ತೆರೆದೇ ಬಿಟ್ಟ ಒಂದು ಫೈಲ್ ಹಳೆಯ ಪಾಸ್‌ವರ್ಡ್‌ನಿಂದ ಐದೈದು ನಿಮಿಷಕ್ಕೂ ಬಾಗಿಲು ತಟ್ಟುತ್ತಿದ್ದರೆ ಸರ್ವರ್ ಆ ಖಾತೆಯನ್ನೇ ಲಾಕ್ ಮಾಡಬಹುದು. ಆಗ ಸರಿಯಾದ ಪಾಸ್‌ವರ್ಡ್ ಕೊಟ್ಟವರಿಗೂ ಲಾಗಿನ್ ಸಿಗುವುದಿಲ್ಲ, ಯಾವ ಕಂಪ್ಯೂಟರ್ ಎಂದು ಹುಡುಕಲು ಡಿಬಿಎ ಸರ್ವರ್‌ನ ಲಾಗ್ ತೆರೆಯಬೇಕಾಗುತ್ತದೆ.